ಹಸಿರು ಬಣ್ಣ ಬಳಿದ ಓದುಮೇಜು

ದೆವ್ವ, ಗಾಳಿ, ಮಾಟ ಅಂದರೆ ನಕ್ಕುಬಿಡುವವಳು ನಾನು. ಈಗಲೂ ಅಷ್ಟೇ. ಆದರೂ ಇದನ್ನು ಹೇಳದೆ ಇರಲಾರೆ. ನಗುವವರು ನಗಲಿ.

ಪೂರಿಗಾಲಿಯ ನಮ್ಮ ಅಡುಗೆಮನೆಯಲ್ಲಿ ಒಂದು ಹಳೇ ಮೇಜಿತ್ತು. ಮಾವನವರ ತಾತ ಶಿವನಸಮುದ್ರದಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಅಡುಗೆಗಿದ್ದರಂತೆ. ದೊರೆ ತನ್ನ ದೇಶಕ್ಕೆ ಹೊರಟಾಗ ಕೊಟ್ಟುಹೋದದ್ದು. ನಮ್ಮವರು ಕಬ್ಬಿನ ಗಾಡಿಗೆ ಹೊಡೆದು ಮಿಕ್ಕಿದ್ದ ಹಸಿರು ಬಣ್ಣವನ್ನು ಅದಕ್ಕೆ ಬಳಿದು, ಮೇಲೆ ರಾಗಿಹಿಟ್ಟಿನ ಡಬ್ಬ ಇಟ್ಟಿದ್ದರು. ಮುಂದಿನ ಅಂಚಿನಲ್ಲಿ ಬೆರಳೆತ್ತರದ ಒಂದು ಮರದ ಪಟ್ಟಿಯಿತ್ತು. ಪಾತ್ರೆ ಜಾರದಿರಲಿ ಅಂತ ಮಾಡಿದ್ದಾರೆ ಅಂದುಕೊಂಡಿದ್ದೆವು.

ಆಗ ನಾನು ಅಂಗನವಾಡಿ ಸಹಾಯಕಿ. ಹತ್ತನೇ ಕ್ಲಾಸು ಪಾಸಾದರೆ ಟೀಚರಾಗಬಹುದಿತ್ತು. ನನ್ನ ವಯಸ್ಸಿಗೆ ಅದೇ ಕೊನೇ ಅವಕಾಶ. ಗಣಿತದಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದೆ. "ಇವ್ಳು ಓದಿ ಯಾವ್ ರಾಜ್ಯ ಆಳ್ಬೇಕು" ಅನ್ನುತ್ತಿದ್ದರು ಅತ್ತೆ. ಮನೆಯಲ್ಲಿ ನಾವಿಬ್ಬರೇ. ನಮ್ಮನೆಯವರು ಗೆಜ್ಜಲಗೆರೆಯಲ್ಲಿ ಕೆಲಸದಲ್ಲಿದ್ದು ಭಾನುವಾರಕ್ಕೆ ಬರುತ್ತಿದ್ದರು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಒಂದು ಲೆಕ್ಕವೂ ಬಗೆಹರಿಯದೆ ಅಳು ಬಂತು. ಸಾಕು, ಹಾಳಾಗಿ ಹೋಗಲಿ ಅಂತ ಪುಸ್ತಕವನ್ನು ಡಬ್ಬದ ಅಡಿಗೆ ತುರುಕಿ, ಹಿತ್ತಲಿಗೆ ಪಾತ್ರೆ ಉಜ್ಜಲು ಹೋದೆ. ಅತ್ತೆ ಪಕ್ಕದಲ್ಲೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

ಇಬ್ಬರೂ ಒಟ್ಟಿಗೇ ಒಳಗೆ ಬಂದೆವು. ಡಬ್ಬ ನೆಲದ ಮೇಲಿತ್ತು, ಒಂದು ಚಿಟಿಕೆ ಹಿಟ್ಟೂ ಚೆಲ್ಲಿರಲಿಲ್ಲ. ಮೇಜಿನ ಹಲಗೆ ಹಿಂಬದಿಯಿಂದ ಎದ್ದು ಇಳಿಜಾರಾಗಿ ನಿಂತಿತ್ತು. ಗಣಿತದ ಪುಸ್ತಕ ಆ ಪಟ್ಟಿಗೆ ಆನಿಕೊಂಡಿತ್ತು. ಅದು ಏಳುವ ಮೇಜು ಅನ್ನುವುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಬಗ್ಗಿ ಡಬ್ಬವನ್ನು ಗೋಡೆಯ ಕಡೆಗೆ ಸರಿಸಿದರು. ಆಮೇಲೆ, "ಯಾರ್ ಎತ್ತವ್ರೋ ಎತ್ಲಿ ಬುಡು. ನೀ ಕೂತ್ಕಂಡು ಓದ್ಕೊ ಕಣಮ್ಮಿ. ಮುದ್ದೆ ನಾನ್ ತೊಳಸ್ತೀನಿ" ಅಂದರು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರು ನನಗೆ ಓದು ಅಂದದ್ದು ಅದೇ ಮೊದಲು. ಹೆದರಿಕೆಗಿಂತ ಹಠವೇ ಜೋರಾಯಿತು. ಸ್ಟೂಲು ಎಳೆದುಕೊಂಡು, ಬಗೆಹರಿಯದ ಲೆಕ್ಕಗಳನ್ನೇ ಹಿಡಿದು ಕೂತೆ.

ಮರುದಿನ ಮಳವಳ್ಳಿಯಲ್ಲಿ ಪರೀಕ್ಷೆ ಬರೆದು ಬರುವಷ್ಟರಲ್ಲಿ ಹಲಗೆ ಮೊದಲಿನ ಹಾಗೆ ಮಟ್ಟಸವಾಗಿತ್ತು. ಅತ್ತೆ ಮುಟ್ಟಿಯೇ ಇರಲಿಲ್ಲವಂತೆ. ಎಷ್ಟು ಎಳೆದರೂ ಏಳಲಿಲ್ಲ. ಮರಗೆಲಸದ ಆಚಾರಿಯೊಬ್ಬರನ್ನು ಕರೆಸಿದೆವು. ಅವರು ಒಂದು ಮೂಲೆಯಲ್ಲಿ ಬಣ್ಣ ಕೆರೆದರು; ಒಳಗೆ ಇದ್ದಿಲಿನ ಹಾಗೆ ಕಪ್ಪು ಮರ.

"ಇದು ನಮ್ ಸೀಮೆ ಮರ ಅಲ್ಲ ಕಣವ್ವ. ಓದೋ ಮೇಜು, ಎತ್ಬೋದು ಇಳಿಸ್ಬೋದು. ಆದ್ರೆ ಸಂದೀಗೆಲ್ಲ ಬಣ್ಣ ಕುಂತು ಬೆಸ್ಕಂಡದೆ. ಒಂದ್ ಕಡೇನೂ ಬಿರುಕು ಬುಟ್ಟಿಲ್ಲ. ಇದು ಎದ್ದೇ ಇಲ್ಲ."

"ಎದ್ದಿತ್ತು. ನಾನೂ ನೋಡಿವ್ನಿ" ಅಂದರು ಅತ್ತೆ.

ಬೆಕ್ಕಿನ ಕೆಲಸ ಅಂದರು ಕೆಲವರು. ಅಷ್ಟು ದೊಡ್ಡ ಡಬ್ಬ ಇಳಿಸುವ ಬೆಕ್ಕನ್ನು ನಾನಂತೂ ಕಂಡಿಲ್ಲ. ಅದು ಹೇಗೆ ಎದ್ದಿತು, ಹೇಗೆ ಇಳಿಯಿತು, ಇವತ್ತಿಗೂ ನನಗೆ ಗೊತ್ತಿಲ್ಲ. ಗಣಿತದಲ್ಲಿ ಮೂವತ್ತೇಳು ಬಂತು. ಪಾಸು.