ಗಿರಿಜಕ್ಕನ ಒಲೆ ಮೇಲೆ ನನ್ನ ಥರ್ಮಾಮೀಟರ್

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಗ್ರಿಲ್ ಚಿಕನ್ ಗಾಡಿ ಹಾಕಿದ ಹೊಸತು. ತೆಂಗಿನ ಚಿಪ್ಪಿನ ಕೆಂಡಕ್ಕೆ ಕಾವು ಜಾಸ್ತಿ. ಕೋಳಿ ಹೊರಗೆ ಕರಕಲಾದರೂ ಮೂಳೆ ಹತ್ತಿರ ಹಸಿಯಾಗೇ ಇರೋದು, ಗಿರಾಕಿಗಳು ಅರ್ಧಕ್ಕೇ ಎದ್ದು ಹೋಗೋರು. ಅದಕ್ಕೇ ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಎರಡು ಬೆಂಗಳೂರಿನಿಂದ ತಂದೆ. ಒಂದೇ ತೊಡೆಗೆ ಚುಚ್ಚಿದರೆ ಒಂದು ಬೆಂದಿದೆ ಅಂತು, ಇನ್ನೊಂದು ಇಲ್ಲ ಅಂತು.

ನೀರು ಕುದಿಯೋದು ಹೆಚ್ಚುಕಮ್ಮಿ ನೂರು ಡಿಗ್ರಿಗೆ, ಅದರಲ್ಲಿ ಅದ್ದಿದರೆ ಯಾವುದು ಸರಿ ಅಂತ ಗೊತ್ತಾಗುತ್ತೆ. ನೀರು ಸದಾ ಕುದೀತಿದ್ದದ್ದು ಪಕ್ಕದ ಗಿರಿಜಕ್ಕನ ಟೀ ಅಂಗಡೀಲಿ. ಅಕ್ಕ ಮೊಟ್ಟೆಯನ್ನೂ ಮುಟ್ಟದವರು. ಅವರ ಗಿರಾಕಿಗಳು ನೊಣವಿನಕೆರೆ ಮಠಕ್ಕೆ ಹೋಗೋ ಭಕ್ತರು, ಅವರೂ ಮಾಂಸ ಮುಟ್ಟದವರೇ.

"ಅಕ್ಕ, ಇವನ್ನ ಕುದಿಯೋ ನೀರಲ್ಲಿ ಅದ್ದಿ ನೋಡ್ಬೇಕಿತ್ತು."

"ಕೋಳಿಗೆ ಚುಚ್ಚಿದ್ದಾ?"

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಹ್ಞೂಂ. ತೊಳ್ದಿದೀನಿ."

ಬೆಂಚಿನ ಮೇಲಿದ್ದವರು ಲೋಟ ಕೆಳಗಿಟ್ಟರು. ಅಕ್ಕ ಮೂಲೆಯಿಂದ ಸೊಟ್ಟ ಪಾತ್ರೆಯೊಂದನ್ನ ತೆಗೆದು, ಟೀ ಇಳಿಸಿ, ಅದರಲ್ಲಿ ನೀರಿಟ್ಟರು. "ಪಾತ್ರೆ ನೀನೇ ಇಟ್ಕೊಳಪ್ಪ, ವಾಪಸ್ ತರ್ಬ್ಯಾಡ."

ನೀರು ಕೊತಕೊತ ಕುದಿಯುವಾಗ ಒಂದರ ಮುಳ್ಳು ನೂರರ ಹತ್ತಿರ ಹೋಗಿ ನಿಂತಿತು. ಇನ್ನೊಂದು ಎಂಬತ್ತು ದಾಟಲಿಲ್ಲ. ನನಗಿಂತ ಮೊದಲು ಬಗ್ಗಿ ನೋಡಿದ್ದು ಅಕ್ಕನೇ. "ಇದು ಸುಳ್ಳು ಹೇಳ್ತೈತೆ, ಬುಡು," ಅಂದರು.

ಅಂದಿನಿಂದ ಯಾರಾದರೂ "ಒಳಗೆ ಬೆಂದೈತೇನಪ್ಪ?" ಅಂತ ಕೇಳಿದರೆ, ನಾನು ಬಾಯಿ ತೆಗೆಯೋ ಮೊದಲೇ ಪಕ್ಕದಿಂದ ಉತ್ತರ ಬರೋದು: "ಬೆಂದಿರ್ತೈತೆ ತಿನ್ರೀ, ಅವನ ಮೀಟರ್ ನಾನೇ ನೋಡಿದೀನಿ."

ಜನ್ಮದಲ್ಲಿ ಕೋಳಿ ರುಚಿ ಕಾಣದ ಹೆಂಗಸಿನ ಮಾತು ನಂಬಿ ಜನ ನನ್ನ ಕೋಳಿ ತಿಂದರು. ನನ್ನ ಮಾತನ್ನ ಅವರು ಅಷ್ಟು ನಂಬಿದ್ದು ನೆನಪಿಲ್ಲ.