ಪರಸೀಮೆಯಲ್ಲಿ ನಾಲ್ಕು ಹೆಗಲು

ಯಲ್ಲಾಪುರದ ಕಡೆಗೆ ನಾನು ಮೊದಲ ಸಲ ಹೋದದ್ದು ಮದುವೆಯಾದ ಮರುವರ್ಷ. ರಾಜ್ಯ ಒಂದಾಗಿ, ನಮ್ಮ ಧಾರವಾಡ ಜಿಲ್ಲೆಯೂ ಕಾರವಾರದ ಜಿಲ್ಲೆಯೂ ಮುಂಬಯಿಯ ಕೈಬಿಟ್ಟು ಮೈಸೂರಿಗೆ ಸೇರಿದ ಹೊಸತು. ಎರಡೂ ಕಡೆ ಕನ್ನಡವೇ. ಆದರೂ ನವಲಗುಂದದ ಎರೆಹೊಲಗಳ ನಡುವೆ ಬೆಳೆದ ನನಗೆ ಅದು ಬೇರೆ ದೇಶವೇ. ನಮ್ಮೂರಲ್ಲಿ ಮಾಳಿಗೆ ಹತ್ತಿ ನಿಂತರೆ ಮುಂದಿನ ಊರಿನ ಗುಡಿ ಕಾಣುತ್ತಿತ್ತು. ಇಲ್ಲಿ ಬಾಗಿಲು ತೆರೆದರೆ ಎದುರಿಗೆ ಮರ, ಅದರ ಹಿಂದೆ ಇನ್ನೊಂದು ಮರ.

ನನ್ನ ಗಂಡ ಒಂದು ನಾಟಾ ಡಿಪೋದಲ್ಲಿ ಕಾರಕೂನ. ಕಾಡಿನಿಂದ ಇಳಿದ ದಿಮ್ಮಿಗಳನ್ನು ಅಳೆಯಿಸಿ, ತುದಿಗೆ ನಂಬರು ಹೊಡೆಸುವ ಕೆಲಸ. ಗುತ್ತಿಗೆದಾರ ಕೊಟ್ಟಿದ್ದ ಮನೆಗೆ ಹಲಗೆಯ ಗೋಡೆ, ಸಗಣಿ ಸಾರಿಸಿದ ನೆಲ. ಹೋದ ದಿನ ಸಂಜೆ ಒಲೆ ಹೊತ್ತಿಸಲು ಕುಳಿತೆ. ಕಟ್ಟಿಗೆ ಒದ್ದೆ. ಊದಿ ಊದಿ ಕಣ್ಣು ಕೆಂಪಾಯಿತೇ ಹೊರತು ಬೆಂಕಿ ಹತ್ತಲಿಲ್ಲ. ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ತಲೆ ಬೋಳಿಸಿ ಕೆಂಪು ಸೀರೆಯ ಸೆರಗು ಹೊದ್ದಿದ್ದ ವಿಧವೆ, ವಯಸ್ಸು ಐವತ್ತರ ಆಸುಪಾಸು. ಕೈಯಲ್ಲಿ ಗೆರಟೆಯ ತುಂಬ ಕೆಂಡ.

"ಹೊಸಬರು ಬಂದ್ರು ಹೇಳಿ ತಮ್ಮ ಹೇಳ್ದ. ತಗ ತಂಗಿ, ಕೆಂಡ. ಇಲ್ಲಿ ಒಲೆ ಪೂರ್ತಿ ಆರ್ಸಲಾಗ. ಬೂದಿ ಮುಚ್ಚಿ ಮಲಗವು."

ರಸ್ತೆಯ ತಿರುವಿನಲ್ಲಿ ಚಹಾದ ಹೋಟೆಲು ಇಟ್ಟಿದ್ದವನ ಅಕ್ಕ ಅವರು. ತವರು ಶಿರಸಿಯ ಹೆಗಡೆಕಟ್ಟೆಯ ಕಡೆ. ಗಂಡ ತೀರಿದ ಮೇಲೆ ಅಣ್ಣತಮ್ಮಂದಿರಲ್ಲಿ ಜಾಗ ಸಾಲದೆ, ಕಿರಿಯ ತಮ್ಮನ ಜೊತೆ ಇಲ್ಲಿಗೆ ಬಂದು ಹಾಲು ಕಾಸುತ್ತ, ದೋಸೆಗೆ ರುಬ್ಬುತ್ತ ಇದ್ದರು. ನಾನು ಅವರನ್ನು ಅಮ್ಮಾರ ಅನ್ನುತ್ತಿದ್ದೆ. ಅವರಿಗೆ ನಾನು ತಂಗಿ.

ಆ ಸೀಮೆಯಲ್ಲಿ ಬದುಕುವುದನ್ನು ನನಗೆ ಕಲಿಸಿದವರು ಅವರೇ. ಜೋಳದ ಹಿಟ್ಟನ್ನು ಬೀಸಿಟ್ಟುಕೊಂಡರೆ ಬೂಸಲು ಬರುತ್ತದೆ, ಬೇಕಾದಷ್ಟೇ ಬೀಸಿಕೊಳ್ಳಬೇಕು. ಉಪ್ಪಿನ ಮಡಕೆ ಒಲೆಯ ಪಕ್ಕದಲ್ಲೇ ಇರಬೇಕು. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕಾಸದೆ ಬಾಯಿಗೆ ಇಡಕೂಡದು. ಉಂಬಳ ಕಚ್ಚಿದರೆ ಕಿತ್ತೆಳೆಯಬಾರದು, ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ. ದಿನ ಬಿಟ್ಟು ದಿನ ಅದೇ ಹೊತ್ತಿಗೆ ನಡುಕ ಬಂದರೆ ಅದು ದೃಷ್ಟಿಯಲ್ಲ, ಗಾಳಿಯಲ್ಲ, ಕಾಡುಜ್ವರ. ಕಂಪೌಂಡರನ ಹತ್ತಿರ ಹೋಗಿ ಕಹಿ ಔಷಧ ತರಬೇಕು. ಹೀಗೆ ದಿನಕ್ಕೊಂದು ಹೇಳುತ್ತಿದ್ದರು, ನನ್ನ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿ ನಗುತ್ತಿದ್ದರು.

ಒಂದು ದಿನ ಹೇಳಿದ ಮಾತಿಗೆ ಮಾತ್ರ ನನಗೆ ಸಿಟ್ಟು ಬಂತು.

"ನಿನ್ನ ಗಂಡಂಗೆ ಹೇಳು ತಂಗಿ, ನಾಕು ಜನರ ಗುರ್ತು ಮಾಡ್ಕಳವು. ಬಂಧುಬಳಗ ಇಲ್ಲದ ಊರಲ್ಲಿ ಮೊದಲು ಬೇಕಾದ್ದು ಅದು. ಹೊರಲೆ ನಾಕು ಹೆಗಲು."

"ಏನ್ ಮಾತರೀ ಅಮ್ಮಾರ, ಸಂಸಾರ ಹೂಡಾಕ ಬಂದೇವಿ ನಾವು. ಅಪಶಕುನ ಆಡಬ್ಯಾಡ್ರಿ," ಅಂದೆ.

"ಅಪಶಕುನ ಅಲ್ದೇ. ನನ್ನ ಗಂಡ ಸತ್ತಾಗ ಅಡ್ಡಮಳೆ, ಹೊಳೆ ದಾಟ ಸಂಕ ಮುರಿದಿತ್ತು. ಹೆಣ ಹೊರಲೆ ಜನ ಸಿಗದೆ ಇಡೀ ದಿನ ಕಾದಿದ್ದೆ. ಅದಕ್ಕೇ ಹೇಳ್ತೆ."

ನಾನು ಆ ಮಾತನ್ನು ಗಂಡನಿಗೆ ಹೇಳಿದೆ. ಅವರು ಕೆಟ್ಟವರಲ್ಲ. ನನ್ನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ, ಧ್ವನಿ ಎತ್ತಿದವರೂ ಅಲ್ಲ. ಆದರೆ ಅವರ ಜೀವ ಊರಲ್ಲೇ ಇತ್ತು. ರಜೆಯ ದಿನ ರಸ್ತೆಗೆ ಹೋಗಿ ಹುಬ್ಬಳ್ಳಿಯ ಬಸ್ಸು ದಾಟುವುದನ್ನು ನೋಡಿಕೊಂಡು ಬರುತ್ತಿದ್ದರು. ಬಸ್ಸಿನಲ್ಲಿ ಗುರುತಿನವರು ಯಾರೂ ಇರುತ್ತಿರಲಿಲ್ಲ. "ನಾವೇನ್ ಇಲ್ಲಿ ಇರಾಕ ಬಂದೀವೇನು? ಎರಡು ವರ್ಷ ಕಣ್ಣು ಮುಚ್ಚಿ ತೆಗೆದರ ಹೋಗ್ತಾವು. ಇವರ ಹುಟ್ಟಿಗೆ, ಸಾವಿಗೆ ನಾವ್ಯಾಕ?" ಅಂದರು.

ಆ ಬೇಸಿಗೆಯಲ್ಲಿ ದಿಮ್ಮಿ ಉರುಳಿ ಒಬ್ಬ ಗರಗಸದವನು ಸತ್ತ. ದೊಡ್ಡ ಗರಗಸ ಹಿಡಿದು ಮರ ಕೊಯ್ಯುವ ಆ ಜನ ಅಂಕೋಲೆಯ ಕಡೆಯಿಂದ ಬಂದವರು. ಆ ತಂಡದ ಮೇಸ್ತ್ರಿಯಾದ ಮುಕಾದಮ ನಮ್ಮ ಬಾಗಿಲಿಗೆ ಬಂದು, "ಸಾಹೇಬ್ರು ಒಂದ್ ಗಳಿಗೆ ಬಂದ್ರೆ ಹುಡುಗ್ರಿಗೆ ಸಮಾಧಾನ ಆಗ್ತದೆ," ಎಂದ. ನನ್ನ ಗಂಡ ತಲೆನೋವು ಎಂದು ಒಳಗೇ ಉಳಿದರು. ಮುಕಾದಮ ಹೊರಟು ಹೋದ. ಅಮ್ಮಾರು ಹೋಟೆಲಿನ ಹಿತ್ತಲಿನಿಂದ ನೋಡುತ್ತಿದ್ದರು.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ನನ್ನ ಗಂಡನಿಗೆ ಜ್ವರ ಹಿಡಿಯಿತು. ಎರಡು ಸಲ ಬಂದು ಇಳಿಯಿತು. ಕಹಿ ಔಷಧ ಕುಡಿದು ಮತ್ತೆ ಡಿಪೋಕ್ಕೆ ಹೋದರು. ಮೂರನೆಯ ಸಲ ಬಂದಾಗ ಮೈ ಹಳದಿಗಟ್ಟಿತು, ಮೂತ್ರ ಕಪ್ಪಗೆ ಹೋಗತೊಡಗಿತು. ಬಟ್ಟಲು ತೆಗೆಯಲು ಬಂದ ಅಮ್ಮಾರು ಅದನ್ನು ನೋಡಿ ನನ್ನ ಮುಖ ನೋಡಲಿಲ್ಲ. ಯಲ್ಲಾಪುರದ ಆಸ್ಪತ್ರೆಗೆ ಒಯ್ಯಲು ನಾಟಾ ತುಂಬಿದ ಲಾರಿಯೊಂದನ್ನು ಗೊತ್ತು ಮಾಡಿದೆವು. ಲಾರಿ ಬರುವ ಮೊದಲೇ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ, ಅವರು "ಬಾಗಲಾ ತೆಗಿ, ಸೆಕಿ ಆಗಾಕತ್ತೈತಿ" ಅಂದರು. ಬಾಗಿಲು ತೆರೆದೇ ಇತ್ತು. ಮತ್ತೆ ಮಾತಾಡಲಿಲ್ಲ.

ನಾನು ಅಳುತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಅಮ್ಮಾರು ಭುಜ ಹಿಡಿದು ಅಲುಗಿಸಿದ್ದು ನೆನಪಿದೆ.

"ನಿಂಗ್ಳಲ್ಲಿ ಎಂತ ಮಾಡ್ತ ತಂಗಿ? ಸುಡ್ತ್ವಾ, ಹುಗಿತ್ವಾ?"

ನಾವು ಲಿಂಗವಂತರು. ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಅಜ್ಜ ತೀರಿಕೊಂಡಾಗ ನಾನು ನೋಡಿದ್ದೆ. ಅಂದು ಮನೆ ತುಂಬ ಮಂದಿ, ಭಜನೆ. ಯಾರು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಅದೂ ಚಿಕ್ಕವಳಿದ್ದಾಗ ದೊಡ್ಡವರ ಕಾಲ ಸಂದಿಯಿಂದ ಕಂಡಷ್ಟು.

"ಕೂಡಿಸಬೇಕ್ರಿ," ಅಂದೆ. "ಮೈ ಸೆಟಿಯೂದ್ರಾಗ ಕೂಡಿಸಬೇಕು."

ಅಮ್ಮಾರು ಹಿಂದುಮುಂದು ನೋಡಲಿಲ್ಲ. ಬೇರೆ ಜಾತಿಯ ಹೆಣ, ಅವರೋ ಮಡಿಯ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಗಲಿಗೆ ಕೈಕೊಟ್ಟು ಎತ್ತಿದರು. ಇಬ್ಬರೂ ಸೇರಿ ನನ್ನ ಗಂಡನನ್ನು ಹಲಗೆಯ ಗೋಡೆಗೆ ಒರಗಿಸಿ, ಕಾಲು ಮಡಿಸಿ, ಎದೆಗೆ ಪಂಚೆ ಸುತ್ತಿ ಗೂಟಕ್ಕೆ ಕಟ್ಟಿದೆವು. ತಲೆ ಮತ್ತೆ ಮತ್ತೆ ಮುಂದಕ್ಕೆ ಬೀಳುತ್ತಿತ್ತು. "ಮುಟ್ಟಿದ್ದು ಹೊಳೆಲಿ ಮಿಂದ್ರೆ ಹೋಗ್ತು. ನೀ ಬಿಗಿಯಾಗಿ ಹಿಡಿ," ಅಂದರು.

ಅವರ ತಮ್ಮ ಯಾರನ್ನೋ ಸೈಕಲ್ಲಿನ ಮೇಲೆ ಮುಂಡಗೋಡದ ದಿಕ್ಕಿಗೆ ಕಳಿಸಿದ, ನಮ್ಮವರ ಕ್ರಿಯೆ ಮಾಡಿಸುವ ಅಯ್ಯನವರು ಯಾರಾದರೂ ಸಿಕ್ಕರೆ ಕರೆತರಲು. ಊರಿಗೆ ತಂತಿ ಕೊಡಲು ಇನ್ನೊಬ್ಬ ಹೋದ. ಆಮೇಲೆ ಹೂಳುವ ಜಾಗದ ಮಾತು ಬಂತು. ಊರವರ ಮಸಣ ಹಳ್ಳದ ದಂಡೆಗಿತ್ತು. ಅಲ್ಲಿ ಸುಡುವುದೇ ಪದ್ಧತಿ, ಮಳೆಗಾಲದಲ್ಲಿ ನೀರು ಹತ್ತುವ ಜಾಗದಲ್ಲಿ ಹೂಳುವುದು ಬೇಡ ಎಂದು ಹಿರಿಯರು ಹೇಳಿಕಳಿಸಿದರು. ಡಿಪೋದ ಜಾಗ ಕೇಳಿದರೆ ಮೇನೇಜರ ಒಪ್ಪಲಿಲ್ಲ. ಉಳಿದದ್ದೆಲ್ಲ ಸರಕಾರದ ಕಾಡು.

ಮಧ್ಯಾಹ್ನದ ಹೊತ್ತಿಗೆ ಮುಕಾದಮ ಬಂದ. ಬಾಗಿಲ ಹೊರಗೇ ನಿಂತ.

"ನಿಮಗೆ ಸುಳ್ಳು ಹೇಳೂದಿಲ್ಲ ಅಮ್ಮಾ. ನಮ್ಮವ ಸತ್ತಾಗ ಇವ್ರು ಬರ್ಲಿಲ್ಲ. ನಮ್ಮ ಹುಡುಗ್ರು ಬರೂದಿಲ್ಲ ಅಂತ್ರು. ನಾನೂ ನನ್ನ ತಮ್ಮನೂ ಬರ್ತೇವೆ. ಗುಂಡಿ ನಾವು ತೆಗೀತೇವೆ."

ನಾನು ಕೈ ಮುಗಿದೆ.

ಡಿಪೋದ ಹಿಂದಿನ ಗುಡ್ಡದ ಮೇಲೆ ಹಳೆಯ ಕೂಪು, ಅಂದರೆ ಮರ ಕಡಿದು ಬೋಳಾದ ಜಾಗ ಇತ್ತು. ಅಲ್ಲಿ ಅಗೆಯಲು ಶುರುಮಾಡಿದಾಗ ಕಾಡಿನ ಗಾರ್ಡು ಬಂದು ತಡೆದ. ಮೇಲಿನವರ ಹುಕುಮು ಇಲ್ಲದೆ ಗುದ್ದಲಿ ಹಾಕುವಂತಿಲ್ಲ ಎಂದ. ಅಮ್ಮಾರು ಆ ಗುಡ್ಡ ಹತ್ತಿ ಹೋಗಿ ಅವನೆದುರು ನಿಂತರು.

"ಹಂಗಾರೆ ಹೆಣನ ನಿನ್ನ ಕ್ವಾರ್ಟರ್ಸಿಗೆ ಕಳಿಸ್ತ್ಯ. ಹುಕುಮು ಬಪ್ಪಲ್ಲಿವರೆಗೆ ನೀನೇ ಇಟ್ಕ."

ಗಾರ್ಡು, "ನಾ ಈ ಕಡೆ ಬರ್ಲೇ ಇಲ್ಲ," ಎಂದು ಇಳಿದು ಹೋದ.

ಗುಂಡಿ ಹೇಗಿರಬೇಕೆಂದು ಮುಕಾದಮ ಕೇಳಿ ಕಳಿಸಿದ. ಆಳ ಎದೆಮಟ್ಟ, ಒಳಗೆ ಒಂದು ಮಗ್ಗುಲಿಗೆ ಕೂಡಿಸಲು ಗೂಡು ಎಂದು ಕೈಸನ್ನೆ ಮಾಡಿ ತೋರಿಸಿದೆ. ಆ ಗಟ್ಟಿ ಕೆಂಪು ಜಂಬುಮಣ್ಣಿನಲ್ಲಿ ಗೂಡು ಕೊರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಯ್ಯನವರನ್ನು ಕರೆಯಲು ಹೋದವನ ಸುಳಿವಿಲ್ಲ. ಬಿಸಿಲು ಇಳಿಯತೊಡಗಿತು. ಇನ್ನು ಕಾಯಲಾಗದು ಎಂದು ಅಮ್ಮಾರೇ ಹೇಳಿದರು.

ಡಿಪೋದಲ್ಲಿ ನನ್ನ ಗಂಡ ಕೂರುತ್ತಿದ್ದ ಕುರ್ಚಿಯನ್ನು ಎರಡು ಬಿದಿರುಗಳಿಗೆ ಕಟ್ಟಿ, ಅದರಲ್ಲಿ ಅವರನ್ನು ಕೂಡಿಸಿದೆವು. ಬಿದಿರಿಗೆ ನಾಲ್ಕು ತುದಿ. ಮುಕಾದಮ, ಅವನ ತಮ್ಮ, ಹೋಟೆಲಿನವ. ನಾಲ್ಕನೆಯ ತುದಿಗೆ ಯಾರೂ ಇರಲಿಲ್ಲ. ಗರಗಸದ ಹುಡುಗರು ತಮ್ಮ ಗುಡಿಸಲ ಮುಂದೆ ನಿಂತು ನೋಡುತ್ತಿದ್ದರು. ಮುಕಾದಮ ಒಮ್ಮೆ ಆ ಕಡೆ ತಿರುಗಿ ನೋಡಿದ. ಯಾರೂ ಕದಲಲಿಲ್ಲ.

ನಾನು ಸೆರಗು ಬಿಗಿದು ಹೋಗಿ ಆ ತುದಿ ಹಿಡಿದೆ.

"ಬೇಡ ತಂಗಿ," ಅಂದರು ಅಮ್ಮಾರು.

"ಇರ್ಲಿ," ಎಂದ ಮುಕಾದಮ. "ಅಮ್ಮ ಗಿಡ್ಡ ಇದ್ದಾರೆ. ಏರು ಹತ್ತೂಕೆ ಮುಂದೆ ಹಿಡಿದ್ರೆ ಸಮ ಆಗ್ತದೆ."

ಹಾಗೆ ನಾನು ಗಂಡನನ್ನು ಹೊತ್ತು ಗುಡ್ಡ ಹತ್ತಿದೆ. ಬಿದಿರಿನ ಗಿಣ್ಣು ಹೆಗಲಿಗೆ ಒತ್ತುತ್ತಿತ್ತು. ಕಾಲಡಿ ಒಣಗಿದ ಎಲೆ ಜಾರುತ್ತಿತ್ತು. ಹಿಂದೆ ಅಮ್ಮಾರು ಕುರ್ಚಿಗೆ ಕೈ ಆನಿಸಿಕೊಂಡು ಬರುತ್ತಿದ್ದರು. ಅವರ ಏದುಸಿರು ಕೇಳುತ್ತಿತ್ತು. ಸತ್ತವರು ಇಷ್ಟು ಭಾರ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆಗ ದುಃಖಕ್ಕಿಂತ ಹೆಚ್ಚಾಗಿ, ಎಡವಿದರೆ ಅವರು ಬಿದ್ದುಬಿಡುತ್ತಾರಲ್ಲ ಎಂಬ ಭಯವೇ ಇತ್ತು.

ಗೂಡಿನಲ್ಲಿ ಕೂಡಿಸಿದ ಮೇಲೆ ಮುಂದೇನೆಂದು ಎಲ್ಲರೂ ನನ್ನನ್ನು ನೋಡಿದರು. ಅಯ್ಯನವರು ಮಾಡಬೇಕಾದದ್ದು ಅದು. ನಾನೇ ಗುಂಡಿಗೆ ಇಳಿದೆ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟು, ಬೆರಳು ಮಡಿಸಿದೆ. ಬೆರಳು ಮಡಿಯಲು ಒಪ್ಪಲಿಲ್ಲ, ಪಂಚೆಯ ಅಂಚು ಹರಿದು ಸುತ್ತಿ ಕಟ್ಟಿದೆ. ಮನೆಯಲ್ಲಿದ್ದ ಒಂದೇ ಒಂದು ವಿಭೂತಿ ಗಟ್ಟಿಯನ್ನು ಹಣೆಗೆ ಹಚ್ಚಿ ಉಳಿದದ್ದನ್ನು ಮಡಿಲಲ್ಲಿ ಇಟ್ಟೆ. ಬಿಲ್ವಪತ್ರಿ ಸಿಗಲಿಲ್ಲ. ಒಲೆಯ ಪಕ್ಕದ ಮಡಕೆಯ ಉಪ್ಪನ್ನೆಲ್ಲ ಅಮ್ಮಾರು ತಂದಿದ್ದರು, ಅದನ್ನು ಸುತ್ತ ಸುರಿದೆ. ಬಾಯಿಗೆ ಬಂದ ಒಂದು ಭಜನೆಯ ಪದ ಹೇಳಿದೆ. ಮುಕಾದಮ ನನ್ನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡ.

ಅಯ್ಯನವರು ಮರುದಿನ ಬಂದರು. ಹಾದಿಯಲ್ಲಿ ಸೈಕಲ್ಲು ಕೆಟ್ಟಿತ್ತಂತೆ. ಮಣ್ಣಿನ ಮೇಲೆ ನೀರು ಚಿಮುಕಿಸಿ ಮಂತ್ರ ಹೇಳಿ ಹೋದರು. ಅದಾದ ಮೇಲೆ ನವಲಗುಂದದಿಂದ ಮಾವನವರು ಬಂದರು. ನನ್ನ ಹೆಗಲ ಮೇಲೆ ಬಿದಿರು ಒತ್ತಿ ಕಪ್ಪಾದ ಗಾಯ ಇನ್ನೂ ಮಾಯ್ದಿರಲಿಲ್ಲ.

"ಅಯ್ಯನವರ ಪಾದ ತಲಿಗೆ ಮುಟ್ಟಸದನ ಮಣ್ಣು ಮಾಡೀರೇನು ನನ್ನ ಮಗನ್ನ?" ಎಂದರು. "ನಮ್ಮನ್ನ ಕಾಯಾಕ ಆಗಲಿಲ್ಲೇನ ನಿನಗ?"

"ಎಷ್ಟಂತ ಕಾಯ್ಲಿ ಮಾವಾರ?" ಅಂದೆ. ಅವರು ಗುಡ್ಡದ ಮೇಲೆ ಹೋಗಿ ಆ ಮಣ್ಣಿನ ಬಳಿ ಬಹಳ ಹೊತ್ತು ಕುಳಿತರು. ಇಳಿದು ಬರುವಾಗ ಕೈಯಲ್ಲಿ ಒಂದು ಹಿಡಿ ಮಣ್ಣು ಕಟ್ಟಿದ ವಲ್ಲಿ ಇತ್ತು.

ಊರಿಗೆ ಹೋದೆ. ಒಂದು ವರ್ಷ ಅತ್ತೆಯ ಮನೆಯಲ್ಲಿದ್ದೆ. ಹೆಣ ಹೊತ್ತ ಹೆಂಗಸು ಎಂದು ನನ್ನ ಕೈಯಿಂದ ನೀರು ಇಸಿದುಕೊಳ್ಳಲು ಓರಗಿತ್ತಿಯರು ಹಿಂಜರಿಯುತ್ತಿದ್ದರು. ಅಷ್ಟರಲ್ಲಿ ಅಮ್ಮಾರು ಹೇಳಿಕಳಿಸಿದರು. ಶಿರಸಿಯಲ್ಲಿ ಬನವಾಸಿ ಕಡೆಯ ನಿಮ್ಮ ಲಿಂಗವಂತರೊಬ್ಬರ ಕಿರಾಣಿ ಅಂಗಡಿ ಇದೆ, ಅಲ್ಲಿ ಮೂಡಣ ಬಯಲಸೀಮೆಯ ಲಾರಿಯವರು, ಹಮಾಲರು ಜೋಳದ ರೊಟ್ಟಿಗೆ ಹಂಬಲಿಸುತ್ತಾರೆ, ಬರುತ್ತೀಯಾ ಎಂದು. ಮಾವನವರು ಬೇಡ ಅನ್ನಲಿಲ್ಲ. ಬಸ್ ಹತ್ತಿಸಲು ಅವರೇ ಬಂದರು.

ಶಿರಸಿಯ ಒಂದು ಓಣಿಯಲ್ಲಿ ನನ್ನ ಖಾನಾವಳಿ ಹಾಗೆ ಶುರುವಾಯಿತು. ಅರವತ್ತರ ಆ ವರ್ಷಗಳಲ್ಲಿ ಮೂಡಣದಿಂದ ಬಹಳ ಜನ ಬಂದರು. ಸಿದ್ದಾಪುರಕ್ಕೆ ಬದಲಿಯಾದ ಮಾಸ್ತರರು, ಬಸ್ಸಿನ ಕಂಡಕ್ಟರರು, ಪೋಲೀಸರ ಹೆಂಡಂದಿರು. ರೊಟ್ಟಿ ಬಡಿಸುತ್ತ ಹಿಟ್ಟಿನ ವಿಷಯ, ನೀರಿನ ವಿಷಯ, ಜ್ವರದ ವಿಷಯ ಹೇಳುತ್ತಿದ್ದೆ. ಒಬ್ಬ ಮಾಸ್ತರರ ಹೆಂಡತಿ, ತುಂಬಿದ ಬಸುರಿ, ನಿಲ್ಕುಂದದ ಕಡೆಗೆ ಹೊರಟಿದ್ದಳು. "ಹೋದ ದಿನವೇ ಅಲ್ಲಿ ಸೂಲಗಿತ್ತಿ ಯಾರು ಅಂತ ಕೇಳಿ ಇಟ್ಕೋ ತಂಗಿ. ಅಕ್ಕಪಕ್ಕದವರು ಯಾವ ಜಾತಿಯವರೇ ಇರ್ಲಿ, ಕರೆದ್ರ ಹೋಗು, ಕರೀದಿದ್ರೂ ಹೋಗು," ಅಂದೆ. ಅವಳು ಗಂಡನ ಮುಖ ನೋಡಿ ನಕ್ಕಳು. ಆಮೇಲೆ ಅವಳ ಸುದ್ದಿ ನನಗೆ ತಿಳಿಯಲಿಲ್ಲ.

ಕೆಲವು ವರ್ಷ ಕಳೆದ ಮೇಲೆ, ಡಿಪೋ ಬೇರೆ ಕಡೆಗೆ ಹೋಯಿತೆಂದು ಕೇಳಿ, ಅಮ್ಮಾರನ್ನು ಕರೆದುಕೊಂಡು ಆ ಗುಡ್ಡಕ್ಕೆ ಹೋದೆ. ಅಮ್ಮಾರಿಗೆ ಕಣ್ಣು ಮಂಜಾಗಿತ್ತು, ನನ್ನ ತೋಳು ಹಿಡಿದು ಹತ್ತಿದರು. ಕೂಪಿನ ತುಂಬ ಸಾಗವಾನಿ ಸಸಿ ನೆಟ್ಟಿದ್ದರು. ಸಾಲಾಗಿ, ಒಂದೇ ಅಳತೆಗೆ, ನೆಲವನ್ನೆಲ್ಲ ಕೆದಕಿ ನೆಟ್ಟಿದ್ದರು. ಗುರುತಿಗೆ ಇಟ್ಟ ಕಲ್ಲು ಇರಲಿಲ್ಲ. ಈ ಸಾಲೋ ಆ ಸಾಲೋ ಎಂದು ಬಹಳ ಹೊತ್ತು ತಿರುಗಿದೆವು.

"ಇಲ್ಲೇ ಎಲ್ಲೋ ಇದ್ದ," ಅಂದರು ಅಮ್ಮಾರು.

ಒಂದು ಸಸಿಯ ಬುಡದಲ್ಲಿ ನಾನು ತಂದಿದ್ದ ಪತ್ರಿ ಹಾಕಿದೆ. ಅದು ನನ್ನ ಗಂಡನನ್ನು ಹೂತ ಜಾಗವೋ ಅಲ್ಲವೋ ಗೊತ್ತಿಲ್ಲ. ಅಮ್ಮಾರು ಹಸಿವಾಯಿತೆಂದರು. ನೆರಳು ಇರಲಿಲ್ಲ, ಬಿಸಿಲಲ್ಲೇ ಕುಳಿತು ಅವರು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ತಿಂದೆವು. ಆಮೇಲೆ ಇಳಿದು ರಸ್ತೆಗೆ ಬಂದು ಶಿರಸಿಯ ಬಸ್ಸಿಗೆ ಕಾದೆವು.