ಆಟದ ಮಾಸ್ತರರ ಮಣಿಕಾಸುರ

ಹೊಳಲಿನ ಬಯಲಾಟದ ಮಾಸ್ತರರ ಪ್ರಕಾರ ಪುರಾಣದಲ್ಲಿ ಇದ್ದದ್ದೆಲ್ಲ ನಮ್ಮ ಮನಸ್ಸೇ. ಮೈಲಾರಲಿಂಗ ಅರಿವು, ಅವನ ನಾಯಿಗಳು ಆಸೆಗಳು, ಅವನು ಕೊಂದ ಮಣಿಕಾಸುರ ಅಹಂಕಾರ. ಎದೆ ತಟ್ಟಿಕೊಂಡು "ಎಲ್ಲಾ ಒಳಗ ಅದಾರಪಾ" ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ಎಂ.ಎ. ಮುಗಿಸಿ ಬಂದಿದ್ದ ನಾನು ಅವರ ತಾಲೀಮಿಗೆ ಹೋಗುತ್ತಿದ್ದದ್ದೇ ನಗಲಿಕ್ಕೆ.

ಆ ವರ್ಷ ಮಣಿಕಾಸುರನ ಪಾತ್ರ ಕುರಿ ಕಾಯುವವನೊಬ್ಬನಿಗೆ ಸಿಕ್ಕಿತ್ತು. ಅವನ ಅಬ್ಬರ ಕೇಳಲೆಂದೇ ಬೀಗರು ಬರುವವರಿದ್ದರು. ಮಾಸ್ತರರು ಬಿಡಲೊಲ್ಲರು.

"ಅಹಂಕಾರ ಒದರೂದಿಲ್ಲ, ಪಿಸುಗುಡತೈತಿ. ಮೆಲ್ಲಕ ಅನ್ನು."

"ಹಿಂಗ ಗುಸುಗುಸು ಅಂದ್ರ ಬೀಗರು ನನಗ ಜ್ವರ ಬಂದೈತಿ ಅಂತಾರ್ರಿ. ಒಂದ ಸಲ ಒದರ್ತೀನಿ."

"ಬ್ಯಾಡ."

"ಒಂದ ಸಲ, ಮಾಸ್ತರ..."

"ಬ್ಯಾಡಂದ್ರ ತಿಳಿಯಂಗಿಲ್ಲೇನಲೇ? ಇಲ್ಲಿ ಮಾಸ್ತರ ನೀನೋ ನಾನೋ!"

ಆ ಅಬ್ಬರಕ್ಕೆ ಮದ್ದಳೆಯವನ ಕೈ ನಿಂತಿತು. ಕುರಿಯವನು ಕೈಮುಗಿದ.

"ಬಂದ ನೋಡ್ರಿ, ಮಣಿಕಾಸುರ ಹೊರಗ ಬಂದ."

ಮಾಸ್ತರರು ಶಲ್ಯ ಸರಿಮಾಡಿಕೊಂಡರು. "ಹಾಂ, ತಿಳೀತಲ್ಲ? ಹಿಂಗ ಒದರಬೇಕು."

ಅವನು ಒದರಿದ. ಪಕ್ಕದ ಹಟ್ಟಿಯ ಕುರಿಗಳೆಲ್ಲ ಬೆಚ್ಚಿ ಎದ್ದು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದು ಮಟಮಟ ಮಧ್ಯಾಹ್ನ. ಮೇಯಲು ಹೋದ ಕುರಿಗಳು ಆ ಹೊತ್ತಿನಲ್ಲಿ ಹಟ್ಟಿಯಲ್ಲಿ ಹೇಗಿದ್ದವೋ! ಮಾಸ್ತರರು ಎದೆ ತಟ್ಟಿಕೊಂಡು ಹೇಳುತ್ತಿದ್ದಂತೆ, ಅವೂ ನನ್ನ ಒಳಗೇ ಇದ್ದವೇನೋ.